ಕಾಗೆ ಓಡಿಸುತ್ತಿದ್ದ ನಾಯಿಗೆ ಎಡೆ

ಸೂಜಿ ಚುಚ್ಚಿ, ಹತ್ತಿ ಒತ್ತಿ ಹಿಡಿದು, ಇನ್ಸುಲಿನ್ ಶೀಶೆಯನ್ನು ಫ್ರಿಜ್ಜಿನಲ್ಲಿಡಲು ನಾನು ಎದ್ದ ಮೇಲೆ ಅತ್ತೆ ಆ ಮಾತು ಹೇಳಿದರು.

“ಕಾಗಿ ಎಡಿ ಮುಟ್ಟೂತನಾ ನಾ ಉಣ್ಣಂಗಿಲ್ಲ.”

ಮೊದಲೇ ಹೇಳಿದ್ದರೆ ನಾನು ಸೂಜಿಯನ್ನೇ ಮಾಡುತ್ತಿರಲಿಲ್ಲ, ಮನೆಯಲ್ಲಿ ದೊಡ್ಡ ಜಗಳವಾಗುತ್ತಿತ್ತು. ಅದು ಅವರಿಗೂ ಗೊತ್ತು. ಅದಕ್ಕೇ ದಿನದಂತೆ ತೋಳು ಚಾಚಿ ಸುಮ್ಮನೆ ಕೂತು, ಎಲ್ಲ ಮುಗಿದ ಮೇಲೆ ಬಾಯಿ ಬಿಟ್ಟಿದ್ದರು.

ಶುಗರ್ ಇರುವವರ ಮನೆಯಲ್ಲಿ ಬಾಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ಸುಲಿನ್ ಒಳಗೆ ಹೋದ ಮೇಲೆ ಹೊಟ್ಟೆಗೆ ಏನಾದರೂ ಬೀಳಲೇಬೇಕು. ಬೀಳದಿದ್ದರೆ ಮೈಯಲ್ಲಿನ ಸಕ್ಕರೆ ಇಳಿಯುತ್ತಾ ಹೋಗುತ್ತದೆ. ಮೊದಲು ಬೆವರು, ಆಮೇಲೆ ನಡುಕ, ಆಮೇಲೆ ತಪ್ಪುತಪ್ಪು ಮಾತು, ಆಮೇಲೆ ಮಾತೇ ಇಲ್ಲ. ಅದೇ ವಾರ ಲಿಂಗಸುಗೂರಿನ ಡಾಕ್ಟರು ನನ್ನನ್ನೇ ನೋಡಿ ಹೇಳಿದ್ದರು: “ಸೂಜಿ ಮಾಡಿದ ಮ್ಯಾಲ ಊಟ ತಪ್ಪಿಸಬ್ಯಾಡವ್ವ, ಜೀವಕ್ಕ ಬರ್ತೈತಿ.” ಅತ್ತೆ ಪಕ್ಕದಲ್ಲೇ ಕೂತು ತಲೆ ಅಲ್ಲಾಡಿಸಿದ್ದರು.

“ಅತ್ತೀ, ಸಾಯಾಕ ಕುಂತೀರೇನ್ರಿ?” ಎಂದೆ.

“ನಾ ಎಲ್ಲಿ ಹಂಗ ಅಂದೆ? ಕಾಗಿ ಬರ್ಲಿ, ಉಣ್ತೀನಿ.”

ಎಡೆ ಇಟ್ಟಿದ್ದು ಮನುಷ್ಯರಿಗಲ್ಲ, ನಾಯಿಗೆ. ನಮ್ಮಲ್ಲಿ ಸತ್ತವರನ್ನು ಮಣ್ಣು ಮಾಡಿದ ಮೂರನೆಯ ದಿನ ಸಮಾಧಿಗೆ ಹಾಲು ತುಪ್ಪ ಬಿಟ್ಟು, ಅವರಿಗೆ ಸೇರುತ್ತಿದ್ದ ಅಡುಗೆಯನ್ನೆಲ್ಲ ಎಲೆಯ ಮೇಲೆ ಎಡೆ ಇಟ್ಟು ದೂರ ಸರಿದು ನಿಲ್ಲುತ್ತೇವೆ. ಕಾಗೆ ಬಂದು ಕೊಕ್ಕು ಹಾಕಿದರೆ ಹೋದ ಜೀವ ತಣ್ಣಗಾಯಿತು ಎಂದು ಅರ್ಥ. ಬರದಿದ್ದರೆ ಅವರ ಮನಸ್ಸಿನಲ್ಲಿ ಏನೋ ಉಳಿದುಬಿಟ್ಟಿದೆ ಎಂದು. ಆಗ ಮನೆಯವರು ಒಬ್ಬೊಬ್ಬರಾಗಿ ಮುಂದೆ ಬಂದು, ಉಳಿದದ್ದು ಯಾವುದಿರಬಹುದೆಂದು ಊಹಿಸಿ, ಎಲ್ಲರೆದುರು ಮಾತು ಕೊಡುತ್ತಾರೆ. ನಿನ್ನ ಮಗಳ ಮದುವೆ ನಾ ಮಾಡ್ತೀನಿ, ನಿನ್ನ ಹೊಲ ಮಾರಂಗಿಲ್ಲ, ಹೀಗೆ. ನಮ್ಮ ಮಾವನವರ ಎಡೆಗೆ ಕಾಗೆ ಬಂದದ್ದು ನಮ್ಮ ಮನೆಯವರು “ಇವತ್ತಿನಿಂದ ಗುಟಕಾ ಬಿಟ್ಟೆ” ಎಂದ ಮೇಲೆ. ಬಿಡಲಿಲ್ಲ ಅನ್ನುವುದು ಬೇರೆ ಮಾತು.

ನಾಯಿಗೆ ಇದನ್ನೆಲ್ಲ ಮಾಡಿದ್ದನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಕೇಳಿರಲಿಲ್ಲ. ನಮ್ಮ ಮನೆಯವರಿಗೆ ಮಸ್ಕಿಯ ಬಜಾರಿನಲ್ಲಿ ಬೀಜ ಗೊಬ್ಬರದ ಅಂಗಡಿ ಇದೆ. ನಾಲ್ಕು ಊರಿನ ಜನ ಬಂದು ಕೂತು ಹೋಗುವ ಜಾಗ. “ಬೇ ಯವ್ವಾ, ನಾಯಿಗೆ ಹಾಲುತುಪ್ಪ ಮಾಡ್ಯಾರಂತ ಅಂದ್ರ ಮಂದಿ ನಕ್ಕೋತ ಹೋಗ್ತಾರ” ಎಂದು ಅವರು ಹಿಂದಿನ ದಿನವೇ ಹೇಳಿ ನೋಡಿದ್ದರು. “ನಕ್ಕರ ಹಲ್ಲು ಕಾಣ್ತಾವು, ಮತ್ತೇನಾಗ್ತೈತಿ” ಎಂದು ಅತ್ತೆ ಅಕ್ಕಿ ಆರಿಸುವುದನ್ನು ಮುಂದುವರಿಸಿದ್ದರು. ಅವರ ಜೊತೆ ವಾದಕ್ಕೆ ನಿಲ್ಲುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ.

ಆ ನಾಯಿಯ ಬಗ್ಗೆ ಸ್ವಲ್ಪ ಹೇಳಬೇಕು. ನಾನು ಸೊಸೆಯಾಗಿ ಬರುವ ಹೊತ್ತಿಗಾಗಲೇ ಅವನು ಆ ಮನೆಯಲ್ಲಿದ್ದ. ಸಂತೆಯಿಂದ ಬರುವಾಗ ದಾರಿಯಲ್ಲಿ ಸಿಕ್ಕ ಮರಿಯನ್ನು ಅತ್ತೆ ಸೆರಗಿನಲ್ಲಿ ಮುಚ್ಚಿಕೊಂಡು ತಂದಿದ್ದರಂತೆ. ಹೆಸರಿಡಲಿಲ್ಲ. ಮರಿಯಿದ್ದಾಗ ಕುನ್ನಿ ಅಂದರು, ಮೂತಿಯ ಕೂದಲು ಬೆಳ್ಳಗಾದರೂ ಕುನ್ನಿಯೇ. ಅವನಿಗೆ ಮನೆಯಲ್ಲಿ ಒಂದೇ ಕೆಲಸ. ಬೇಸಿಗೆ ಬಂತೆಂದರೆ ನಮ್ಮ ಮಾಳಿಗೆಯ ತುಂಬ ಸಂಡಿಗೆ, ಹಪ್ಪಳ, ಶಾವಿಗೆ, ಮೆಣಸಿನಕಾಯಿ. ಅತ್ತೆಯ ಸಂಡಿಗೆಗೆ ಸಿಂಧನೂರಿನ ಮಗಳ ಮನೆಯಿಂದ ಹಿಡಿದು ಗುರುಗುಂಟಾದ ಬೀಗರ ತನಕ ಕಾಯುವವರಿದ್ದರು. ಅವನ್ನು ಕಾಗೆಗಳಿಂದ ಕಾಯುವುದು ಕುನ್ನಿಯ ಕೆಲಸ. ಬೆಳಿಗ್ಗೆ ಸೀರೆ ಹಾಸಿ ಸಂಡಿಗೆ ಇಟ್ಟು, “ಕಾಯ್ಕೊಂಡಿರು” ಎಂದು ಅತ್ತೆ ಇಳಿದು ಬಂದರೆ ಮುಗಿಯಿತು. ರೆಕ್ಕೆಯ ನೆರಳು ನೆಲದ ಮೇಲೆ ಬಿದ್ದರೆ ಸಾಕು, ಅವನು ಎದ್ದು ಓಡುತ್ತಿದ್ದ. ಸಂಜೆ ಅತ್ತೆ ಹಿತ್ತಲಿನ ಮೆಟ್ಟಿಲ ಬುಡದಲ್ಲಿ ನಿಂತು, “ಸಾಕ್ ಇಳಿಯಪಾ, ಉಣ್ಣಾಕ ನಡಿ” ಅನ್ನಬೇಕು. ಆಗ ಇಳಿಯುತ್ತಿದ್ದ. ಅದಕ್ಕೂ ಮೊದಲು ದೇವರು ಕರೆದರೂ ಇಲ್ಲ.

ನನ್ನ ಮಾತಿಗಂತೂ ಕವಡೆ ಕಿಮ್ಮತ್ತಿರಲಿಲ್ಲ. ಒಂದು ವರ್ಷ ಹಪ್ಪಳ ಒಣಗುವಾಗ ಒಮ್ಮೆಲೇ ಮಳೆ ಬಂತು. ಅತ್ತೆ ಯಾರದೋ ಮನೆಗೆ ಹೋಗಿದ್ದರು. ನಾನು ಎದ್ದುಬಿದ್ದು ಹಪ್ಪಳವನ್ನೆಲ್ಲ ಬಾಚಿಕೊಂಡು ಬಂದು, ಕೆಳಗೆ ನಿಂತು ಬಾರೋ ಬಾರೋ ಎಂದು ಗಂಟಲು ಹರಿದುಕೊಂಡೆ. ಏನೂ ಇಲ್ಲದ ಮಾಳಿಗೆಯ ಮೇಲೆ ಆ ಮಳೆಯಲ್ಲಿ ಅವನು ನಿಂತೇ ಇದ್ದ. ಕೊನೆಗೆ ನಾನೇ ಛತ್ರಿ ಹಿಡಿದು ಹೋಗಿ ಅತ್ತೆಯನ್ನು ಕರೆತಂದೆ. ನನ್ನ ಸಿಟ್ಟು ನೋಡಿ ಅವರು, “ನೀ ಅಂದಂಗ ಕೇಳಾಕ ಅವ ನಿನ್ನ ಗಂಡನೇನು?” ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಬಾಜೂ ಮನೆಯ ಮಾಳಿಗೆಯೂ ನಮ್ಮದೂ ಕೂಡಿಕೊಂಡಿವೆ, ನಡುವೆ ಮೊಣಕಾಲೆತ್ತರದ ಗೋಡೆ. ಅಲ್ಲಿರುವ ಮುಸ್ಲಿಂ ಮನೆಯ ಹಿರಿಯಾಕೆಯನ್ನು ನಾವೆಲ್ಲ ಖಾಲಾ ಅನ್ನುತ್ತೇವೆ. ಅತ್ತೆಯ ಓರಗೆಯವರು, ಅತ್ತೆಯನ್ನು ಅಕ್ಕಾ ಎಂದೇ ಕರೆಯುವವರು. ಕಾಗೆಗಳಿಗೆ ಆ ಗೋಡೆ ಚೆನ್ನಾಗಿ ಗೊತ್ತಿತ್ತು. ಖಾಲಾನ ಮಾಳಿಗೆಯಲ್ಲಿ ಜಾತ್ರೆ ಮಾಡುತ್ತಿದ್ದವು, ನೀರಿನ ಟಾಕಿಯ ಮೇಲೆ ಸಾಲಾಗಿ ಕೂರುತ್ತಿದ್ದವು, ಗೋಡೆಯ ಈಚೆಗೆ ಕಾಲಿಡುತ್ತಿರಲಿಲ್ಲ. “ನಿಮ್ಮ ಕುನ್ನಿ ಊರಾಗಿನ ಕಾಗಿ ಎಲ್ಲಾ ನಮ್ಮ ಪಾಲಿಗೆ ಹಾಕ್ಯಾನಕ್ಕಾ” ಎಂದು ಖಾಲಾ ತಮ್ಮ ಹಪ್ಪಳಕ್ಕೆ ಕೋಲು ಹಿಡಿದು ಕೂರುತ್ತಿದ್ದರು.

ಅವನು ಸತ್ತದ್ದು ಹೀಗೆ. ಬೆಳಿಗ್ಗೆ ಅತ್ತೆ ಸಂಡಿಗೆ ಇಟ್ಟು, ಅವನಿಗೆ ಕಾಯಲು ಹೇಳಿ ಮೆಟ್ಟಿಲಿಳಿದವರೇ ತಲೆ ತಿರುಗಿ ಕೂತುಬಿಟ್ಟರು. ಕಣ್ಣು ಮಂಜು, ನಾಲಗೆ ಒಣಗಿ ಕಟ್ಟಿಗೆ. ಮಕ್ಕಳು ರಜೆಗೆಂದು ಮುದಗಲ್ಲಿನ ನನ್ನ ತವರಿಗೆ ಹೋಗಿದ್ದರು. ನಾವಿಬ್ಬರೂ ಅಂಗಡಿ, ಮನೆ ಎರಡಕ್ಕೂ ಬೀಗ ಹಾಕಿ ಅವರನ್ನು ಲಿಂಗಸುಗೂರಿಗೆ ಕರೆದುಕೊಂಡು ಓಡಿದೆವು. ಮಧ್ಯಾಹ್ನಕ್ಕೆ ತಿರುಗಿ ಬರುತ್ತೇವೆ ಅಂದುಕೊಂಡಿದ್ದು, ಶುಗರ್ ಏರಿಬಿಟ್ಟಿದೆ ಎಂದು ಸಲೈನ್ ಹಚ್ಚಿ ಮಲಗಿಸಿದರು. ಮನೆ ಮುಟ್ಟುವಾಗ ಬೀದಿ ದೀಪ ಹತ್ತಿದ್ದವು. ಅತ್ತೆಯನ್ನು ಇಬ್ಬರೂ ಹಿಡಿದು ಒಳಗೆ ಮಲಗಿಸಿದೆವು. ನಾಯಿಯ ನೆನಪು ಯಾರಿಗೂ ಆಗಲಿಲ್ಲ. ಮರುದಿನ ಬೆಳಿಗ್ಗೆ ಸಂಡಿಗೆ ತೆಗೆಯಲು ನಾನು ಮೇಲೆ ಹೋದಾಗ ಸೀರೆಯ ಅಂಚಿನಲ್ಲಿ ಮೂತಿ ಇಟ್ಟು ಮಲಗಿದ್ದ. ಕಾಲು ಮುಟ್ಟಿದೆ, ಸೆಟೆದುಹೋಗಿತ್ತು. ಸಂಡಿಗೆ ಚೆನ್ನಾಗಿ ಒಣಗಿತ್ತು. ಒಂದಕ್ಕೂ ಕಾಗೆಯ ಕೊಕ್ಕು ತಾಗಿರಲಿಲ್ಲ.

ವಯಸ್ಸಾಗಿತ್ತು, ಹೋದ ಎಂದು ನಾವು ಹೇಳಿದೆವು. ಅತ್ತೆ ಹೂಂ ಅಂದರು. ಹಿತ್ತಲಿನ ಬೇವಿನ ಗಿಡದ ಬುಡದಲ್ಲಿ ಗುಂಡಿ ತೆಗೆಸಿ, ಮೈಮೇಲೆ ಅದೇ ಸೀರೆ ಹೊದಿಸಿ, ಹಣೆಗೆ ವಿಭೂತಿ ಹಚ್ಚಿ ಮಣ್ಣು ಕೊಟ್ಟೆವು. ಅತ್ತೆ ಅಳಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತ್ತು.

ಈಗ ಮೂರನೆಯ ದಿನ. ಎಲೆಯ ಮೇಲೆ ಹಾಲಿನಲ್ಲಿ ಕಲಸಿದ ಜೋಳದ ರೊಟ್ಟಿ, ಬೆಲ್ಲ, ಅನ್ನ, ತುಪ್ಪ, ಮತ್ತು ಅವನು ಕಾಯ್ದ ಅದೇ ಸಂಡಿಗೆಯನ್ನು ಕರಿದದ್ದು. ಅತ್ತೆ ನಸುಕಿನಲ್ಲೆದ್ದು ಸ್ನಾನ ಮಾಡಿ ತಾವೇ ಕರಿದಿದ್ದರು. ಎಡೆ ಇಟ್ಟು ಬಂದು, ತೋಳು ಚಾಚಿ ಸೂಜಿ ಮಾಡಿಸಿಕೊಂಡು, ಆ ಮಾತು ಹೇಳಿ ಹಿತ್ತಲಿನ ಕಟ್ಟೆಯ ಮೇಲೆ ಹೋಗಿ ಕೂತರು.

ನಾನು ಮೇಲೆ ನೋಡಿದೆ. ಖಾಲಾನ ನೀರಿನ ಟಾಕಿಯ ಮೇಲೆ ಕಾಗೆಗಳು ಕೂತಿದ್ದವು. ಕರೆಂಟ್ ತಂತಿಯ ಮೇಲೂ ಇದ್ದವು. ಎಲ್ಲವೂ ಕತ್ತು ಓರೆ ಮಾಡಿ ನಮ್ಮ ಹಿತ್ತಲನ್ನೇ ನೋಡುತ್ತಿದ್ದವು. ಒಂದೂ ಏಳಲಿಲ್ಲ.

ನಮ್ಮ ಮನೆಯವರನ್ನು ಒಳಗೆ ಕರೆದು ಸೂಜಿಯ ವಿಷಯ ಹೇಳಿದೆ. ಅವರ ಮುಖ ಇಳಿಯಿತು. ಅಂಗಡಿಯ ಕೀಲಿಯನ್ನು ಕಿಸೆಗೆ ಹಾಕಿಕೊಂಡವರು ತಿರುಗಿ ಗೂಟಕ್ಕೆ ನೇತುಹಾಕಿದರು.

“ಗ್ಲುಕೋಸ್ ಐತಿಲ್ಲೋ ಮನ್ಯಾಗ?”

“ಐತಿ. ಬಾಯಿ ಯಾರು ತೆಗಸವ್ರು?”

ಅವರು ಹಿತ್ತಲಿಗೆ ಹೋಗಿ ತಾಯಿಯ ಎದುರು ಕುಕ್ಕರುಗಾಲಿನಲ್ಲಿ ಕೂತರು. “ಯವ್ವಾ, ಕಾಗಿ ಬರ್ಲಿಲ್ಲಂದ್ರ ಆಕಳಿಗಿ ಇಟ್ರೂ ನಡೀತೈತಿ ಬೇ. ಶಾಸ್ತ್ರದಾಗ ಐತಿ.”

“ಮನಶ್ಯಾರಿಗಿ ಆದ್ರ ಕಾಗಿ, ನಾಯಿಗಿ ಆದ್ರ ಆಕಳೇನು? ಸುಮ್ಮ ಕುಂದ್ರು.”

ಇನ್ನು ಉಳಿದದ್ದು ಮಾತು ಕೊಡುವುದೊಂದೇ. ಅವರು ಎದ್ದು ಗಂಟಲು ಸರಿಮಾಡಿಕೊಂಡು, ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿ, ಬೇವಿನ ಬುಡದ ಹಸಿಮಣ್ಣಿಗೆ ಹೇಳಿದರು: “ನಿನ್ನ ಫೋಟೋ ದೊಡ್ಡದು ಮಾಡಿಸಿ ಅಂಗಡ್ಯಾಗ ಹಾಕ್ತೀನಿ. ಅಪ್ಪನ ಫೋಟೋದ ಬಾಜೂಕ.”

ಕಾಗೆಗಳು ಅಲುಗಲಿಲ್ಲ.

“ಇಲ್ಲೇ ಕಟ್ಟಿ ಕಟ್ಟಿಸ್ತೀನಿ. ಬಿಳಿ ಕಲ್ಲಿಂದು. ನಿನ್ನ ಕಾಲಿನ ಗುರ್ತು ಕೆತ್ತಸ್ತೀನಿ.”

ಒಂದು ಕಾಗೆ ತಂತಿಯಿಂದ ಹಾರಿ ಖಾಲಾನ ಗೋಡೆಯ ಮೇಲೆ ಕೂತಿತು. ಅದು ಎಡೆಯ ಕಡೆ ನೋಡಿತು, ನಮ್ಮ ಮಾಳಿಗೆಯ ಕಡೆ ನೋಡಿತು, ಬಂದ ದಾರಿಗೆ ಸುಂಕವಿಲ್ಲ ಎಂಬಂತೆ ತಿರುಗಿ ಟಾಕಿಗೆ ಹೋಯಿತು.

ಅತ್ತೆಯ ಹಣೆಯ ಮೇಲೆ ಬೆವರು ಮೂಡಿತ್ತು. ನೆರಳಿನಲ್ಲೇ ಕೂತಿದ್ದರು. ಬಿಸಿಲಿನ ಬೆವರೆಂದು ನಾನು ನನಗೇ ಹೇಳಿಕೊಂಡು, ಒಳಗೆ ಹೋಗಿ ಗ್ಲುಕೋಸ್ ಡಬ್ಬಿ, ಬಾಳೆಹಣ್ಣು, ಬೆಲ್ಲದ ಉಂಡೆ ಎಲ್ಲವನ್ನೂ ತಟ್ಟೆಯಲ್ಲಿಟ್ಟುಕೊಂಡು ಬಂದೆ. ಅವರು ತಟ್ಟೆಯ ಕಡೆ ನೋಡಲಿಲ್ಲ.

ಸದ್ದು ಕೇಳಿ ಖಾಲಾ ಹಿತ್ತಲಿನ ಬಾಗಿಲಿನಿಂದ ಬಂದರು. ಎಡೆ ನೋಡಿದರು, ಕಾಗೆ ನೋಡಿದರು, ಅತ್ತೆಯ ಮುಖ ನೋಡಿದರು. ವಿಷಯ ಕಿವಿಯಲ್ಲಿ ಹೇಳಿದೆ. “ಅರೆ ಅಕ್ಕಾ, ಎಂಥಾ ಜಿದ್ದಿದು?” ಎಂದು ಅವರ ಪಕ್ಕದಲ್ಲೇ ಕೂತು ಕೈ ಹಿಡಿದುಕೊಂಡವರು, ಆ ಕೈ ತಣ್ಣಗಿರುವುದು ಗೊತ್ತಾಗಿ ನನ್ನ ಕಡೆ ನೋಡಿದರು. ನಂಬಿಕೆ ಅವರದ್ದಲ್ಲ, ಶಾಸ್ತ್ರ ಅವರದ್ದಲ್ಲ. ಆದರೂ ಬೇವಿನ ಗಿಡದ ಕಡೆ ತಿರುಗಿ, “ಲೇ ಕುನ್ನಿ, ಓಣ್ಯಾಗಿನ ನಿಮ್ಮ ಮಂದಿಗೆಲ್ಲ ದಿನಾ ಬಾಗಲ ಮುಂದ ನೀರು ಇಡ್ತೀನಿ. ಖುದಾನ ಆಣಿ. ನಿಮ್ಮವ್ವನ್ನ ಉಣ್ಣಾಕ ಬಿಡು” ಎಂದರು.

ಆ ಮಾತು ಕೇಳಿ ನನಗೆ ಅಳು ಬಂತು. ಕಾಗೆಗಳಿಗೆ ಏನೂ ಬರಲಿಲ್ಲ.

ಇನ್ನು ನನ್ನ ಪಾಳಿ. ಅತ್ತೆ ನನ್ನತ್ತ ನೋಡುತ್ತಿದ್ದರು. ಕಣ್ಣಿನಲ್ಲಿ ಮೊದಲಿನ ಚೂಪು ಇರಲಿಲ್ಲ. ನಾನು ಏನು ಮಾತು ಕೊಡಲಿ? ಮನೆಗೆ ಇನ್ನೊಂದು ನಾಯಿ ತರುವುದಿಲ್ಲ ಎಂದೆ. ತರುತ್ತೇನೆ ಎಂದೆ. ಬೇವಿನ ಗಿಡಕ್ಕೆ ದಿನಾ ನಾನೇ ನೀರು ಹಾಕುತ್ತೇನೆ, ವರ್ಷವರ್ಷ ಮೊದಲನೆಯ ಸಂಡಿಗೆ ನಿನಗೇ ಇಡುತ್ತೇನೆ, ನಿನ್ನ ಮೇಲೆ ಇನ್ನು ಸಿಟ್ಟಾಗುವುದಿಲ್ಲ ಎಂದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ಏರಿತು. ಮಣ್ಣಿನೊಳಗಿನ ನಾಯಿಯ ಮುಂದೆ ಕೈಮುಗಿದು ನಿಂತ ನನ್ನ ಮೇಲೇ ನನಗೆ ಸಿಟ್ಟು ಬಂತು.

“ಬೇವು ನೀರಿಲ್ಲದ ಬೆಳೀತೈತಿ” ಎಂದರು ಅತ್ತೆ. ಮಾತು ತೊದಲಿತು. ಮಡಿಲಿನಲ್ಲಿದ್ದ ಕೈ ಸಣ್ಣಗೆ ನಡುಗುತ್ತಿತ್ತು.

“ಗಾಡಿ ತರ್ತೀನಿ” ಎಂದು ನಮ್ಮ ಮನೆಯವರು ಹೊರಟರು. ನಾನು ತಡೆದೆ. ದವಾಖಾನೆ ಮುಟ್ಟುವಷ್ಟರಲ್ಲಿ ಏನಾಗುತ್ತದೋ. ಬಾಯಿಗೆ ಒಂದು ಚಿಟಿಕೆ ಸಕ್ಕರೆ ಬಿದ್ದರೆ ಇಲ್ಲೇ ಮುಗಿಯುವ ಕೆಲಸ. ನಾನು ಗ್ಲುಕೋಸ್ ಪುಡಿಯನ್ನು ಬೆರಳಿನಲ್ಲಿ ತೆಗೆದು ಅವರ ತುಟಿಗೆ ಹಿಡಿದೆ. ಅತ್ತೆ ಹಲ್ಲು ಕಚ್ಚಿ ಮುಖ ತಿರುಗಿಸಿದರು. ಪುಡಿ ಸೀರೆಯ ಮೇಲೆ ಬಿತ್ತು. ಮಗ ಗಲ್ಲ ಹಿಡಿದು ಬಾಯಿ ಬಿಡಿಸಲು ನೋಡಿದರು. ತಾಯಿ ಮಗನ ಕೈ ಮೇಲೆ ಹೊಡೆದರು. ನಡುಗುವ ಕೈಯಲ್ಲೂ ಪೆಟ್ಟು ಜೋರಾಗಿಯೇ ಬಿತ್ತು. ಅವರು ಕೈ ಹಿಂದೆ ತೆಗೆದುಕೊಂಡು ಸಣ್ಣ ಹುಡುಗನ ಹಾಗೆ ನಿಂತರು.

ಆಗ ಖಾಲಾ ಹೇಳಿದರು. ಸಮಾಧಾನ ಮಾಡಲೆಂದೇ ಶುರು ಮಾಡಿದರು, ಪಾಪ. “ಅಕ್ಕಾ, ಅವಗ ಏನೂ ಕಡಿಮಿ ಆಗಿಲ್ಲ. ಅವತ್ತ ಗ್ವಾಡಿ ಮ್ಯಾಲಿಂದ ನಾನ ಬಟ್ಟಲಾಗ ನೀರು ಇಟ್ಟಿದ್ದೆ. ರೊಟ್ಟೀನೂ ಒಗದೆ. ನಮ್ಮ ಕಡೆ ನೆಳ್ಳಿತ್ತು, ಬಾರೋ ಅಂದೆ. ಬರ್ಲೇ ಇಲ್ಲ. ಮುಟ್ಟಲೂ ಇಲ್ಲ. ಇಡೀ ದಿನ ಮೆಟ್ಲ ಕಡೆನ ನೋಡ್ಕೋತ ಕುಂತಿದ್ದ.”

ನಾವು ಮೂವರೂ ಇದನ್ನು ಕೇಳಿದ್ದು ಅದೇ ಮೊದಲು. ಖಾಲಾಗೆ ತಾವೇನು ಹೇಳಿದೆವೆಂದು ಹೇಳಿದ ಮೇಲೆ ಗೊತ್ತಾಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಅತ್ತೆಯ ಬೆವರು ಕತ್ತಿನಿಂದ ಇಳಿದು ಕುಪ್ಪಸದ ಅಂಚು ತೋಯ್ದಿತ್ತು. ಆಮೇಲೆ, ಬೇರೆ ಯಾರೊಂದಿಗೋ ಮಾತಾಡುವವರಂತೆ, “ಬಿಸಲಾಗ ಕುಂತಾನ. ಇಳಿ ಅಂತ ಯಾರೂ ಅಂದಿಲ್ಲ ಅವಗ. ಉಣ್ಣದ ಕುಂತಾನ. ನಾ ಹೆಂಗ ಉಣ್ಲಿ?” ಎಂದರು.

ಕುಂತಾನ. ಕುಂತಿದ್ದ ಅಲ್ಲ. ಸಕ್ಕರೆ ಇಳಿದು ತಲೆ ತಪ್ಪುತ್ತಿದೆ ಎಂದುಕೊಂಡೆ. ಆದರೆ ಅದೇ ಗಳಿಗೆಯಲ್ಲಿ ಟಾಕಿಯ ಮೇಲಿನ ಕಾಗೆಗಳು ಕಣ್ಣಿಗೆ ಬಿದ್ದವು. ಅವೂ ನಮ್ಮ ಮಾಳಿಗೆಯನ್ನೇ ನೋಡುತ್ತಿದ್ದವು. ಇಷ್ಟು ವರ್ಷ ಅವನು ಓಡಿಸಿದ ಕಾಗೆಗಳು. ಅವನು ಸತ್ತದ್ದು ಅವುಗಳಿಗೆ ಯಾರು ಹೇಳಿದ್ದಾರೆ? ಆ ನಾಯಿಗೆ ಎಡೆ ಇಟ್ಟು ಆ ಕಾಗೆಗಳು ಬರಲೆಂದು ಕೂತ ನಮ್ಮಂಥ ಹುಚ್ಚರು ಇಡೀ ತಾಲೂಕಿನಲ್ಲಿ ಇರಲಿಕ್ಕಿಲ್ಲ ಅನ್ನಿಸಿತು. ನನ್ನ ಸಿಟ್ಟು ಕಟ್ಟೆಯೊಡೆಯಿತು.

“ಕಾಗಿ ಬರಂಗಿಲ್ರಿ ಅತ್ತಿ” ಎಂದೆ. ಕೂಗಿಯೇ ಹೇಳಿದೆ. “ಸಂಜಿತನಾ ಕುಂತ್ರೂ ಬರಂಗಿಲ್ಲ. ಅವನ್ನ ಓಡಸು ಅಂತ ಕುನ್ನಿಗೆ ಕಲಿಸಿದವ್ರು ನೀವು. ಅವಗ ಫೋಟೋ ಬೇಕಿಲ್ಲ, ಕಟ್ಟಿ ಬೇಕಿಲ್ಲ, ನನ್ನ ನೀರೂ ಬೇಕಿಲ್ಲ. ನೀವು ಒಂದು ಮಾತು ಅನ್ನಬೇಕಿತ್ತು. ಅವತ್ತ ಅನ್ನಾಕ ಆಗಲಿಲ್ಲ. ಇವತ್ತರೆ ಅನ್ರಿ.”

ಅತ್ತೆಯೊಡನೆ ಆ ದನಿಯಲ್ಲಿ ನಾನು ಯಾವತ್ತೂ ಮಾತಾಡಿರಲಿಲ್ಲ. ಅತ್ತೆ ನನ್ನನ್ನು ಗುರುತಿಸಲು ನೋಡುತ್ತಿರುವವರಂತೆ ನೋಡಿದರು. ಆಮೇಲೆ ಎರಡೂ ಕೈ ಕಟ್ಟೆಗೆ ಊರಿದರು.

“ಎಬ್ಬಸ್ರಿ ನನ್ನ.”

ಒಂದು ಕಡೆ ನಾನು, ಇನ್ನೊಂದು ಕಡೆ ಮಗ. ಮೆಟ್ಟಿಲ ಬುಡ ಎಷ್ಟು ದೂರ, ದಿನಕ್ಕೆ ಹತ್ತು ಸಲ ಓಡಾಡುವ ಜಾಗ. ಅವತ್ತು ಮುಗಿಯಲೇ ಇಲ್ಲ. ಅವರ ಕಾಲು ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ, ಮೈಯೆಲ್ಲ ನನ್ನ ಭುಜದ ಮೇಲೆ ಬಿದ್ದಿತ್ತು. ಅಲ್ಲಿ ಮುಟ್ಟಿದ ಮೇಲೆ ಕಂಬಿ ಹಿಡಿದುಕೊಂಡು, ತಲೆ ಎತ್ತಿ, ಮಾಳಿಗೆಯ ಅಂಚನ್ನು ನೋಡಿದರು. ಮಾತು ಹೊರಡಲಿಲ್ಲ. ತುಟಿ ಆಡಿತು, ದನಿ ಇಲ್ಲ. ನಾನು ಮನಸ್ಸಿನಲ್ಲೇ ಅನ್ರಿ, ಅನ್ರಿ, ಅನ್ನುತ್ತಿದ್ದೆ. ಮುಷ್ಟಿಯಲ್ಲಿ ಹಿಡಿದು ತಂದ ಗ್ಲುಕೋಸ್ ಪುಡಿ ಬೆವರಿಗೆ ಅಂಟಾಗಿತ್ತು.

“ಸಾಕ್ ಇಳಿಯಪಾ” ಎಂದರು. ಉಸಿರು ಎಳೆದುಕೊಂಡರು. “ಉಣ್ಣಾಕ ನಡಿ.”

ಆಮೇಲೆ ಅವರು ಅತ್ತರು. ಮೂರು ದಿನದಿಂದ ಅಳದಿದ್ದವರು ಬಾಯಿ ತೆರೆದು ಅತ್ತರು. ಆ ತೆರೆದ ಬಾಯಿಗೆ ನಾನು ಗ್ಲುಕೋಸ್ ಪುಡಿ ಹಾಕಿದೆ. ದೇವರಾಣೆ, ಅದು ದುಃಖಕ್ಕೆ ಮರ್ಯಾದೆ ಕೊಡುವ ರೀತಿಯಲ್ಲ. ಆದರೆ ನನಗೆ ಆಗ ಕಾಣುತ್ತಿದ್ದುದು ಆ ಬಾಯಿ ಒಂದೇ. ಅವರು ಉಗುಳಲಿಲ್ಲ. ಅಳುತ್ತಾ ನುಂಗಿದರು. ಮತ್ತೆ ಹಾಕಿದೆ, ಮತ್ತೆ ನುಂಗಿದರು. ಅಲ್ಲೇ ಮೊದಲನೆಯ ಮೆಟ್ಟಿಲ ಮೇಲೆ ಕೂರಿಸಿ ಬಾಳೆಹಣ್ಣು ಮುರಿದು ಕೊಟ್ಟೆ. ಖಾಲಾ ಸೆರಗಿನಿಂದ ಅವರ ಕತ್ತು ಒರೆಸುತ್ತಾ ಕೂತರು. ನಡುಕ ನಿಲ್ಲುವ ತನಕ ನಾನು ಹಣ್ಣು ಕೊಡುತ್ತಲೇ ಹೋದೆ.

ಕಾಗೆ ಬಂತೇ ಎಂದು ಕೇಳುತ್ತೀರಿ. ಬಂತು, ನಾನೇ ಕಣ್ಣಾರೆ ಕಂಡೆ ಎಂದು ನಮ್ಮ ಮನೆಯವರು ಈಗಲೂ ಅಂಗಡಿಗೆ ಬಂದವರಿಗೆ ಹೇಳುತ್ತಾರೆ. ಮಂದಿ ನಗುತ್ತಾರೆಂಬ ಹೆದರಿಕೆ ಎಲ್ಲಿ ಹೋಯಿತೋ. ಖಾಲಾ ತಾವು ನೋಡಲಿಲ್ಲ ಅನ್ನುತ್ತಾರೆ. ನಾನೂ ನೋಡಲಿಲ್ಲ. ಮಧ್ಯಾಹ್ನ ಹೋಗಿ ನೋಡಿದಾಗ ಎಲೆಯ ಮೇಲೆ ರೊಟ್ಟಿ ಹಾಗೇ ಇತ್ತು, ಸಂಡಿಗೆ ಇರಲಿಲ್ಲ. ಅಳಿಲು ಒಯ್ದಿರಬಹುದು. ಗಾಳಿಗೆ ಹಾರಿರಬಹುದು. ಒಳಗೆ ಮಲಗಿದ್ದ ಅತ್ತೆ, “ಮುಟ್ಟೇತೇನು?” ಎಂದು ಕೇಳಿದರು. “ಮುಟ್ಟೇತ್ರಿ” ಎಂದೆ. ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಗೋಡೆಯ ಕಡೆ ತಿರುಗಿ ಮಲಗಿದರು.

ಕೊಟ್ಟ ಮಾತುಗಳು ಏನಾದವು ಎಂದರೆ, ಕೆಲವು ಉಳಿದವು, ಕೆಲವು ಹೋದವು. ಬಿಳಿ ಕಲ್ಲಿನ ಕಟ್ಟೆ ಇನ್ನೂ ಆಗಬೇಕು. ಫೋಟೋ ದೊಡ್ಡದು ಮಾಡಿಸಲು ಹೋದರೆ ಅವನದೊಂದು ಸರಿಯಾದ ಫೋಟೋ ಮೊಬೈಲಿನಲ್ಲಿ ಸಿಗಲಿಲ್ಲ. ಹಪ್ಪಳದ ಹಿಂದೆ ಅರ್ಧ ಬಾಲ, ಮಕ್ಕಳ ಹಿಂದೆ ಒಂದು ಕಿವಿ. ಆ ಕಿವಿಯನ್ನೇ ಕಟ್ಟು ಹಾಕಿಸಿ ಮಾವನವರ ಬಾಜೂಕ ತೂಗುಹಾಕಿದ್ದಾರೆ. ಖಾಲಾನ ಬಾಗಿಲ ಮುಂದಿನ ನೀರಿನ ಬಟ್ಟಲು ಒಂದು ದಿನವೂ ತಪ್ಪಿಲ್ಲ. ನಾನು ಬೇವಿಗೆ ನೀರು ಹಾಕುತ್ತೇನೆ, ಬೇವಿಗೆ ಅದು ಬೇಕಿಲ್ಲದಿದ್ದರೂ.

ಅತ್ತೆ ಮಾತ್ರ ಯಾರಿಗೂ ಹೇಳದೆ ತಮ್ಮದೊಂದು ರೂಢಿ ಮಾಡಿಕೊಂಡರು. ದಿನಾ ಸಂಜೆ ಮೆಟ್ಟಿಲ ಬುಡಕ್ಕೆ ಹೋಗಿ ಆ ಮಾತು ಹೇಳಿ ಬಂದ ಮೇಲೆಯೇ ರಾತ್ರಿಯ ಊಟ. ಆ ಹೊತ್ತಿಗೆ ಎರಡನೆಯ ಸೂಜಿ ಇರುತ್ತದೆ. ನಾನು ಈಗ ಜಾಣಳಾಗಿದ್ದೇನೆ. ಅವರು ಮೆಟ್ಟಿಲಿನಿಂದ ತಿರುಗಿ ಬರುವ ತನಕ ಶೀಶೆ ಹೊರಗೆ ತೆಗೆಯುವುದಿಲ್ಲ.

ಮಳೆಗಾಲದಲ್ಲಿ ಅವರು ಸಿಂಧನೂರಿನ ಮಗಳ ಮನೆಗೆ ಹೋದರು. ಅಲ್ಲಿ ಸೂಜಿ ಮಾಡುವುದನ್ನು ನನ್ನ ನಾದಿನಿಗೆ ತೋರಿಸಿಕೊಟ್ಟಿದ್ದೆ, ಆದರೆ ಮೆಟ್ಟಿಲ ವಿಷಯ ಹೇಳುವುದನ್ನು ಮರೆತಿದ್ದೆ. ಹೋದ ದಿನವೇ ಸಂಜೆ ಫೋನ್ ಬಂತು. ನಾದಿನಿಯ ದನಿಯಲ್ಲಿ ಗಾಬರಿ. “ವೈನಿ, ಅವ್ವಗ ಸೂಜಿ ಮಾಡೀನಿ. ತಾಟು ಮುಂದಿಟ್ಕೊಂಡು ಕುಂತಾಳ, ಉಣವಲ್ಲಳು. ನಿನ್ನ ಕೂಡ ಮಾತಾಡಬೇಕಂತ.”

ಫೋನು ಕೈ ಬದಲಾದ ಸದ್ದಾಯಿತು. ಆಮೇಲೆ ಅತ್ತೆಯ ದನಿ, ಏನೂ ಆಗಿಲ್ಲವೆಂಬಂತೆ: “ಇಲ್ಲಿಂದ ಅಂದ್ರ ಅವಗ ಕೇಳಸಂಗಿಲ್ಲ. ಮೆಟ್ಲ ಹಂತ್ಯಾಕ ಹೋಗು.”

ನಾನು ಹೋದೆ. ಸಣ್ಣಗೆ ಮಳೆ ಹನಿಯುತ್ತಿತ್ತು. ಖಾಲಾನ ಮನೆಗೆ ಬಂದ ನೆಂಟರು ಹಿತ್ತಲಿನಲ್ಲೇ ನಿಂತು ಮಾತಾಡುತ್ತಿದ್ದರು, ನನ್ನನ್ನೇ ನೋಡುತ್ತಿದ್ದರು. ಫೋನನ್ನು ಎದುರಿಗೆ ಹಿಡಿದುಕೊಂಡು, ಖಾಲಿ ಮಾಳಿಗೆಯ ಕಡೆ ಮುಖವೆತ್ತಿದೆ. ಆ ನಾಯಿ ಬದುಕಿದ್ದಾಗ ನನ್ನ ಮಾತಿಗೆ ಒಮ್ಮೆಯೂ ಇಳಿದವನಲ್ಲ.

“ಸಾಕ್ ಇಳಿಯಪಾ” ಎಂದೆ, ಎಲ್ಲರಿಗೂ ಕೇಳುವಂತೆ. “ಉಣ್ಣಾಕ ನಡಿ.”

ಆ ಕಡೆ ಅತ್ತೆ ತಾಟು ಹತ್ತಿರ ಎಳೆದುಕೊಂಡದ್ದು, ರೊಟ್ಟಿ ಮುರಿದದ್ದು ಕೇಳಿಸಿತು.